ಒಂದು ವಿದ್ಯಾರ್ಥಿನಿಲಯಕ್ಕೆ ಬಣ್ಣ ಆರಿಸಿದ ಬಗೆ: ಪ್ರಕರಣ ಅಧ್ಯಯನ

ಕಟ್ಟಡ ಮೂರು ಅಂತಸ್ತಿನ ವಸತಿ ಶಾಲೆಯದು. ಮಕ್ಕಳು ರಜೆ ಮುಗಿಸಿ ಮರಳುವಷ್ಟರಲ್ಲಿ ಒಳಗೋಡೆಗಳೆಲ್ಲ ಸಿದ್ಧವಾಗಿರಬೇಕು ಎಂಬುದು ಕರಾರು. ಅಳೆದು ನೋಡಿದಾಗ ಗೋಡೆಗಳೇ 3,600 ಚದರ ಮೀಟರ್ ಆದವು, ಚಾವಣಿ ಬೇರೆ. ಆಡಳಿತ ಮಂಡಳಿ ಕೊಟ್ಟ ಪತ್ರದಲ್ಲಿ ಬಣ್ಣದ ವಿಷಯಕ್ಕೆ ಒಂದೇ ಸಾಲು ಮೀಸಲಾಗಿತ್ತು: ಬಣ್ಣ ಹೆಸರಾಂತ ಕಂಪನಿಯದ್ದಾಗಿರಬೇಕು, ಎರಡು ಕೋಟ್ ಹೊಡೆಯಬೇಕು.

ಓದುವವರಿಗೆ ಈ ಸಾಲು ಭದ್ರವಾಗಿ ಕಾಣುತ್ತದೆ. ಬಣ್ಣದ ಕೆಲಸ ಮಾಡುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಒಂದೇ ಕಂಪನಿ ಒಂದೇ ಹೆಸರಿನಡಿ ಅಗ್ಗದಿಂದ ದುಬಾರಿಯವರೆಗೆ ಹಲವು ದರ್ಜೆಯ ಬಣ್ಣ ಮಾರುತ್ತದೆ. ಎರಡು ಪ್ರತಿಸ್ಪರ್ಧಿ ಕಂಪನಿಗಳ ನಡುದರ್ಜೆಯ ಬಣ್ಣಗಳ ನಡುವೆ ಇರುವ ವ್ಯತ್ಯಾಸಕ್ಕಿಂತ ಒಂದೇ ಕಂಪನಿಯ ಮೇಲ್ದರ್ಜೆಗೂ ಕೆಳದರ್ಜೆಗೂ ಇರುವ ಅಂತರ ಸಾಮಾನ್ಯವಾಗಿ ಹೆಚ್ಚು. ಎರಡು ಕೋಟ್ ಎಂಬ ಮಾತಿನಲ್ಲೂ ಹುರುಳಿಲ್ಲ. ನೀರು ಬೆರೆಸಿ ತೆಳುವಾಗಿ ಎಳೆದ ಎರಡು ಕೋಟೂ ಎರಡು ಕೋಟೇ. ಗೋಡೆಯ ಮೇಲೆ ಒಣಗಿದ ಮೇಲೆ ಎಷ್ಟು ದಪ್ಪದ ಪದರ ಉಳಿಯಬೇಕು ಎಂದು ಪತ್ರ ಎಲ್ಲಿಯೂ ಹೇಳಿರಲಿಲ್ಲ. ಅದನ್ನು 60 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಎಂದು ಬಣ್ಣದ ಕೆಲಸ ಹಿಡಿದ ನಾವೇ ಬರೆದು ಮಂಡಳಿಯ ಒಪ್ಪಿಗೆ ಪಡೆದೆವು.

ಕಣದಲ್ಲಿ ಮೂರು ಬಣ್ಣಗಳು ಉಳಿದವು. ಒಂದನ್ನು ಕ ಎನ್ನೋಣ; ಮಂಡಳಿಯ ಮನಸ್ಸಿನಲ್ಲಿದ್ದ ದೊಡ್ಡ ಕಂಪನಿಯ ಕೆಳದರ್ಜೆಯ ಒಳಾಂಗಣ ಎಮಲ್ಷನ್ ಅದು. ಚ ಎಂಬುದು ಜಾಹೀರಾತಿನಲ್ಲಿ ಅಷ್ಟಾಗಿ ಕಾಣದ ಕಂಪನಿಯೊಂದರ ಮೇಲ್ದರ್ಜೆಯ ಬಣ್ಣ. ಒಣಗಿದಾಗ ರೇಷ್ಮೆಯಂಥ ನಸುಹೊಳಪು. ಟ ನಮ್ಮ ತಂಡದ ಕೈಗೆ ಮೊದಲಿನಿಂದ ಒಗ್ಗಿದ, ಮತ್ತೊಂದು ಕಂಪನಿಯ ನಡುದರ್ಜೆಯ ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣ. ಕೈಗೆ ಒಗ್ಗಿದೆ ಎನ್ನುವುದು ಹಗುರವಾದ ಕಾರಣವಲ್ಲ. ರೋಲರಿಗೆ ಎಷ್ಟು ಬಣ್ಣ ಹಿಡಿಯುತ್ತದೆ, ಎಷ್ಟು ಹೊತ್ತು ಅಂಚು ಹಸಿಯಾಗಿರುತ್ತದೆ, ಎಲ್ಲಿ ಇಳಿಜಾರುತ್ತದೆ ಎಂಬುದು ಕೆಲಸಗಾರನ ತೋಳಿಗೆ ಗೊತ್ತಿದ್ದರೆ ಗೋಡೆ ಚೆನ್ನಾಗಿ ಬರುತ್ತದೆ. ಹಾಗೆಂದು ಪರೀಕ್ಷೆಯಿಂದ ಅದಕ್ಕೆ ವಿನಾಯಿತಿ ಕೊಡುವಂತೆಯೂ ಇಲ್ಲ.

ಮೊದಲು ಕಾಗದದ ಮೇಲೆ

ತಾಂತ್ರಿಕ ಮಾಹಿತಿ ಪತ್ರ ಕೇಳಿದರೆ ಕೈಪಿಡಿಯ ಬಣ್ಣಬಣ್ಣದ ಪುಟ ಕೊಟ್ಟು ಕಳಿಸುವ ಅಂಗಡಿಗಳು ಬೇಕಾದಷ್ಟಿವೆ. ನಾವು ಪಟ್ಟು ಹಿಡಿದು ಕೇಳಿದ್ದು ಒಂದು ಅಂಕಿಗಾಗಿ: ಗಾತ್ರದ ಲೆಕ್ಕದಲ್ಲಿ ಘನಾಂಶ ಎಷ್ಟು? ಒಂದು ಲೀಟರ್ ಬಣ್ಣ ಹಚ್ಚಿದಾಗ ನೀರೆಲ್ಲ ಆರಿಹೋಗಿ ಗೋಡೆಯಲ್ಲಿ ಉಳಿಯುವ ಪಾಲು ಅದು. ತೂಕದ ಲೆಕ್ಕದ ಘನಾಂಶ ಬೇರೆ, ಅದು ಯಾವಾಗಲೂ ಹೆಚ್ಚು ಕಾಣುತ್ತದೆ. ಎರಡನ್ನೂ ಒಂದೇ ಎಂದು ಓದಿದರೆ ಹೋಲಿಕೆಯೇ ಹಾಳು. ಪತ್ರಗಳಲ್ಲಿ ಕ ಬಣ್ಣದ ಘನಾಂಶ 28 ಪ್ರತಿಶತ, ಚ 42, ಟ 40 ಎಂದಿತ್ತು.

ಇನ್ನುಳಿದದ್ದು ಶಾಲೆಯ ಗಣಿತ. 3,600 ಚದರ ಮೀಟರ್ ಮೇಲೆ 60 ಮೈಕ್ರಾನ್ ಒಣ ಪದರ ಬೇಕೆಂದರೆ ಗೋಡೆಗಳಲ್ಲಿ ಒಟ್ಟು 216 ಲೀಟರ್ ಒಣ ಬಣ್ಣ ಉಳಿಯಬೇಕು. ಅದಕ್ಕಾಗಿ ಕ ಬಣ್ಣವಾದರೆ 771 ಲೀಟರ್, ಟ ಬಣ್ಣವಾದರೆ 540, ಚ ಬಣ್ಣವಾದರೆ 514 ಲೀಟರ್ ಕೊಳ್ಳಬೇಕು. ತಟ್ಟೆಯಲ್ಲಿ, ರೋಲರಿನಲ್ಲಿ, ನೆಲದ ಹೊದಿಕೆಯ ಮೇಲೆ ಹೋಗುವುದು ಇದರ ಮೇಲೆ. ಅಂದರೆ ಚ ಬಣ್ಣದ ಡಬ್ಬ ಕ ಬಣ್ಣದ ಒಂದೂವರೆ ಪಟ್ಟು ಬೆಲೆಯದಾದರೂ ಗೋಡೆಯ ಲೆಕ್ಕದಲ್ಲಿ ಎರಡೂ ಸಮ. ಇನ್ನೂ ಕೂಲಿ ಲೆಕ್ಕಕ್ಕೆ ಬಂದೇ ಇಲ್ಲ. ನಮ್ಮ ರೋಲರಿನಲ್ಲಿ ಒಂದು ಕೋಟ್ ಹಸಿಯಾಗಿ ಸುಮಾರು 75 ಮೈಕ್ರಾನ್ ಕೂರುತ್ತದೆ. ಹಲ್ಲುಪಟ್ಟಿಯಂಥ ಅಳತೆಯ ತಗಡನ್ನು ಹಸಿ ಬಣ್ಣದಲ್ಲಿ ಊರಿ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಒಣಗಿದ ಮೇಲೆ ಅದರಲ್ಲಿ ಕ 21 ಮೈಕ್ರಾನ್ ಮಾತ್ರ ಉಳಿಸುತ್ತದೆ, ಟ 30, ಚ 31 ಚಿಲ್ಲರೆ. ಕ ಬಣ್ಣದಲ್ಲಿ 60 ಮುಟ್ಟಲು ಮೂರನೆಯ ಕೋಟ್ ಬೇಕು. ಮೂರನೆಯ ಕೋಟ್ ಎಂದರೆ ಇನ್ನೊಮ್ಮೆ 3,600 ಚದರ ಮೀಟರ್ ಉರುಳಿಸುವುದು, ಏಣಿ ಸರಿಸುವುದು, ಒಣಗಲು ಕಾಯುವುದು. ಅದೂ ರಜೆಯ ದಿನಗಳು ಕರಗುತ್ತಿರುವಾಗ. ಅಗ್ಗದ ಡಬ್ಬ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ಟೆಂಡರುಗಳಲ್ಲಿ ಇಂದಿಗೂ ಡಬ್ಬದ ಬೆಲೆಯನ್ನೇ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಘನಾಂಶ ಎಷ್ಟಿದೆ ಎಂಬುದರಷ್ಟೇ ಅದು ಯಾವುದರದ್ದು ಎಂಬುದೂ ಮುಖ್ಯ. ಬಿಳಿ ಬಣ್ಣಕ್ಕೆ ಮರೆಮಾಚುವ ಶಕ್ತಿ ಕೊಡುವುದು ಟೈಟಾನಿಯಂ ಡೈಆಕ್ಸೈಡ್, ಅದು ದುಬಾರಿ. ಅದರ ಜಾಗದಲ್ಲಿ ಸುಣ್ಣದ ಕಲ್ಲಿನ ಪುಡಿ, ಟಾಲ್ಕ್, ಜೇಡಿಯಂಥ ತುಂಬುವಸ್ತುಗಳನ್ನು ಹೆಚ್ಚಿಸಿಯೂ ಘನಾಂಶವನ್ನು ಮೇಲೇರಿಸಬಹುದು. ಡಬ್ಬವನ್ನು ಎತ್ತಿ ನೋಡಿ ಭಾರವಿದ್ದರೆ ಒಳ್ಳೆಯದು ಎನ್ನುವ ಹಳೆಯ ರೂಢಿ ಇದೇ ಕಾರಣಕ್ಕೆ ಮೋಸ ಮಾಡುತ್ತದೆ. ಕಲ್ಲಿನ ಪುಡಿಯೂ ಭಾರವೇ. ಯುರೋಪಿನ ಇಎನ್ 13300 ಮಾನದಂಡದಂತೆ ದರ್ಜೆ ನಮೂದಿಸಿದ ಪತ್ರವಿದ್ದರೆ ಒಂದಿಷ್ಟು ಸುಳಿವು ಸಿಗುತ್ತದೆ. ಹಸಿ ಉಜ್ಜುವಿಕೆಯಲ್ಲಿ 200 ಸಲ ಉಜ್ಜಿದಾಗ 5 ಮೈಕ್ರಾನಿಗಿಂತ ಕಡಿಮೆ ಸವೆದರೆ ಒಂದನೆಯ ದರ್ಜೆ. 20ರಿಂದ 70 ಮೈಕ್ರಾನ್ ಸವೆದರೆ ಮೂರನೆಯದು. ನಮ್ಮ 60 ಮೈಕ್ರಾನ್ ಪದರದ ಎದುರು ಆ 70 ಎಂಬ ಅಂಕಿಯನ್ನು ಇಟ್ಟು ನೋಡಿ! ಮರೆಮಾಚುವ ದರ್ಜೆಯನ್ನು ಮಾತ್ರ ಒಂಟಿಯಾಗಿ ಓದಬಾರದು. ಲೀಟರಿಗೆ ಎಷ್ಟು ಚದರ ಮೀಟರ್ ಹಚ್ಚಿದಾಗ ಆ ದರ್ಜೆ ಸಿಕ್ಕಿತು ಎಂಬುದು ಪಕ್ಕದಲ್ಲೇ ಇರಬೇಕು. ದಪ್ಪವಾಗಿ ಹಚ್ಚಿದರೆ ಯಾವ ಬಣ್ಣವೂ ಚೆನ್ನಾಗಿ ಮುಚ್ಚುತ್ತದೆ.

ಗೋಡೆಯ ಮೇಲೆ

ರಜೆಗೆ ಸಾಕಷ್ಟು ಮುಂಚೆಯೇ ನೆಲಮಹಡಿಯ ಓಣಿಯಲ್ಲಿ ಮಾದರಿ ಚೌಕಗಳನ್ನು ಹಚ್ಚಲು ಅನುಮತಿ ಸಿಕ್ಕಿತು. ಇದರಿಂದ ಬಹಳ ಉಪಕಾರವಾಯಿತು. ನೀರಿನಾಧಾರಿತ ಬಣ್ಣ ಮುಟ್ಟಲು ಒಂದೆರಡು ಗಂಟೆಯಲ್ಲಿ ಒಣಗಿದರೂ ಅದರ ಪದರ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಮರುದಿನವೇ ಉಜ್ಜಿ ತೀರ್ಪು ಕೊಟ್ಟರೆ ಒಳ್ಳೆಯ ಬಣ್ಣಕ್ಕೂ ಅನ್ಯಾಯವಾಗುತ್ತದೆ.

ಪ್ರತಿ ಚೌಕದ ಅಡಿಯಲ್ಲಿ ಒಂದು ಕಪ್ಪು ಪಟ್ಟಿ ಎಳೆದೆವು. ತಟ್ಟೆಯನ್ನೂ ರೋಲರನ್ನೂ ಹಚ್ಚುವ ಮೊದಲು ತೂಗಿ, ಹಚ್ಚಿದ ಮೇಲೆ ತೂಗಿ, ಮೂರೂ ಚೌಕಗಳಿಗೆ ಸಮಾನ ಪ್ರಮಾಣದ ಬಣ್ಣ ಹೋಗುವಂತೆ ನೋಡಿಕೊಂಡೆವು. ಹೀಗೆ ತೂಗದಿದ್ದರೆ ಕೆಲಸಗಾರನಿಗೆ ಇಷ್ಟವಾದ ಬಣ್ಣ ಅವನಿಗೇ ತಿಳಿಯದಂತೆ ತುಸು ದಪ್ಪವಾಗಿ ಕೂತುಬಿಡುತ್ತದೆ.

ಮೊದಲ ಅಚ್ಚರಿ ಕ ಬಣ್ಣದ್ದು. ಹಚ್ಚುವಾಗ ಕಪ್ಪು ಪಟ್ಟಿ ಎದ್ದು ಕಾಣುತ್ತಿತ್ತು, ಒಣಗಿದಂತೆ ಮರೆಯಾಯಿತು. ಮಾರನೆಯ ದಿನ ನೋಡಿದರೆ ಟ ಬಣ್ಣದಷ್ಟೇ ಚೆನ್ನಾಗಿ ಮುಚ್ಚಿತ್ತು. ಜೊತೆಗಿದ್ದ ಮಂಡಳಿಯ ಪ್ರತಿನಿಧಿಗೆ ಸಹಜವಾಗಿಯೇ ಸಮಾಧಾನವಾಯಿತು. ಆಗ ಒದ್ದೆ ಸ್ಪಂಜಿನಿಂದ ಮೂರೂ ಚೌಕಗಳನ್ನು ನೆನೆಸಿದೆವು. ಕ ಚೌಕದಲ್ಲಿ ಕಪ್ಪು ಪಟ್ಟಿ ಮತ್ತೆ ಮೇಲೆದ್ದು ಬಂತು. ಉಳಿದೆರಡರಲ್ಲಿ ಬರಲಿಲ್ಲ.

ಇದರ ಹಿಂದಿನ ಕಾರಣ ಬೆಳಕಿನದು. ಬಣ್ಣದ ಕಣ ಮತ್ತು ಅದನ್ನು ಸುತ್ತುವರಿದ ವಸ್ತು, ಇವೆರಡರ ವಕ್ರೀಭವನ ಸೂಚ್ಯಂಕದಲ್ಲಿ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆಯಲ್ಲಿ) ಅಂತರ ಹೆಚ್ಚಿದ್ದಷ್ಟೂ ಬೆಳಕು ಚದುರುತ್ತದೆ, ಹಿಂದಿನದು ಮರೆಯಾಗುತ್ತದೆ. ಬಣ್ಣಕ್ಕೆ ಬಳಸುವ ರೂಟೈಲ್ ಬಗೆಯ ಟೈಟಾನಿಯಂ ಡೈಆಕ್ಸೈಡಿನ ಸೂಚ್ಯಂಕ ಸುಮಾರು 2.7, ಸುಣ್ಣದ ಕಲ್ಲಿನ ಪುಡಿಯದ್ದು ಸುಮಾರು 1.6, ಕಣಗಳನ್ನು ಅಂಟಿಸಿ ಹಿಡಿಯುವ ಬೈಂಡರಿನದ್ದು ಸುಮಾರು 1.5. ಬೈಂಡರಿನಲ್ಲಿ ಮುಳುಗಿದ ಕಲ್ಲಿನ ಪುಡಿ ಹೆಚ್ಚುಕಡಿಮೆ ಪಾರದರ್ಶಕ. ಆದರೆ ಪುಡಿ ಅತಿಯಾಗಿ, ಬೈಂಡರ್ ಸಾಲದೆ ಹೋದರೆ ಒಣಗಿದ ಪದರದಲ್ಲಿ ಗಾಳಿಯ ಸಣ್ಣ ರಂಧ್ರಗಳು ಉಳಿಯುತ್ತವೆ. ಗಾಳಿಯ ಸೂಚ್ಯಂಕ 1. ಈಗ ಅಂತರ ಹೆಚ್ಚಿತು, ಗೋಡೆ ಮುಚ್ಚಿತು. ರಂಧ್ರಗಳಿಗೆ ನೀರು ಇಳಿದರೆ ಅಂತರ ಮತ್ತೆ ಕುಗ್ಗುತ್ತದೆ, ಪಟ್ಟಿ ಇಣುಕುತ್ತದೆ. ರಂಧ್ರವಿರುವ ಪದರದಲ್ಲಿ ಕೊಳೆಯೂ ಹಾಗೆಯೇ ಇಳಿದು ಕೂರುತ್ತದೆ. ಒರೆಸಿದರೆ ಹೋಗುವುದಿಲ್ಲ, ಉಜ್ಜಿದರೆ ಬಣ್ಣವೇ ಕೈಗೆ ಬರುತ್ತದೆ. ವಾರಗಳ ನಂತರ ಒಂದೇ ಕೈಯಿಂದ ಒಂದೇ ಸ್ಪಂಜಿನಿಂದ ಉಜ್ಜಿದಾಗ ಕ ಚೌಕದ ನೀರು ಬೆಳ್ಳಗಾಯಿತು, ಉಳಿದೆರಡರದ್ದು ಹೆಚ್ಚುಕಡಿಮೆ ತಿಳಿಯಾಗಿಯೇ ಇತ್ತು. ನೂರಾರು ಮಕ್ಕಳು ದಿನವೂ ಭುಜ ಉಜ್ಜಿಕೊಂಡು ಓಡಾಡುವ ಓಣಿಗೆ ಕ ಸಲ್ಲದು ಎಂದು ಪ್ರತಿನಿಧಿಗೆ ನಾವು ಹೇಳಬೇಕಾಗಲಿಲ್ಲ.

ಚ ಮತ್ತು ಟ ನಡುವಿನ ತೀರ್ಮಾನ ಇಷ್ಟು ಸುಲಭವಾಗಿರಲಿಲ್ಲ. ಉಜ್ಜಿದಾಗ, ಕಪ್ಪು ಗೀರು ಒರೆಸಿದಾಗ ಚ ಮುಂದು. ಆದರೆ ಅದರ ಅಂಚು ಬೇಗ ಒಣಗುತ್ತಿತ್ತು. ಓಣಿಯ ತುದಿಯಲ್ಲಿ ದೊಡ್ಡ ಕಿಟಕಿ. ಅಲ್ಲಿಂದ ಗೋಡೆಗುಂಟ ಹರಿದು ಬರುವ ಓರೆ ಬೆಳಕಿನಲ್ಲಿ ಒಂದು ಪಟ್ಟಿಯ ಮೇಲೆ ಇನ್ನೊಂದು ಹತ್ತಿದ ಜಾಗವೆಲ್ಲ ಗೆರೆಯಾಗಿ ಕಾಣುತ್ತಿತ್ತು. ನಸುಹೊಳಪಿನಿಂದಾಗಿ ಹಳೆಯ ಪ್ಲಾಸ್ಟರಿನ ಉಬ್ಬುತಗ್ಗುಗಳೂ ಎದ್ದು ತೋರಿದವು. ಸಣ್ಣ ಜಾಗವನ್ನು ಬ್ರಷ್‌ನಿಂದ ತಿದ್ದಿದರೆ ಆ ತೇಪೆ ಹೊಳಪಿನ ವ್ಯತ್ಯಾಸದಿಂದ ಬೇರೆಯಾಗಿ ಕಂಡಿತು. ಟ ಈ ವಿಷಯದಲ್ಲಿ ಕ್ಷಮಾಶೀಲ: ತಿದ್ದಿದ ಜಾಗವನ್ನು ಹುಡುಕಿ ತೆಗೆಯಬೇಕಾಗಿತ್ತು. ವಿದ್ಯಾರ್ಥಿನಿಲಯದಲ್ಲಿ ವರ್ಷವಿಡೀ ತಿದ್ದುವ ಕೆಲಸ ಇದ್ದೇ ಇರುತ್ತದೆ. ಅದನ್ನು ಮಾಡುವವರು ಅಲ್ಲಿನ ಕಾವಲುಗಾರರೇ ಹೊರತು ನುರಿತ ಪೇಂಟರುಗಳಲ್ಲ. ತಾಂತ್ರಿಕ ಪತ್ರದ ಯಾವ ಅಂಕಿಯೂ ಈ ಗುಣವನ್ನು ಹೇಳುವುದಿಲ್ಲ. ಬಣ್ಣ ಹಚ್ಚಿ ಬದುಕುವವರು ಬ್ರ್ಯಾಂಡ್ ಬದಲಿಸಲು ಹಿಂಜರಿಯುವುದಕ್ಕೆ ನಿಜವಾದ ಕಾರಣ ಇಲ್ಲಿದೆ ಎಂದು ನನಗೆ ಅನಿಸುತ್ತದೆ.

ಓಣಿಗಳ ಕೆಳಭಾಗದಲ್ಲಿ ಎದೆಯೆತ್ತರದವರೆಗೆ ಹಳೆಯ ಎಣ್ಣೆ ಎನಾಮಲ್ ಇತ್ತು. ಅದರ ಮೇಲೆ ಸಣ್ಣ ಚೌಕಗಳಾಗಿ ಕೊಯ್ದು ಟೇಪ್ ಅಂಟಿಸಿ ಕಿತ್ತು ನೋಡಿದಾಗ ನೇರವಾಗಿ ಹಚ್ಚಿದ ಮೂರೂ ಬಣ್ಣಗಳು ಎದ್ದುಬಂದವು. ಉಜ್ಜುಕಾಗದದಿಂದ ಹೊಳಪು ತೆಗೆದು, ಹಿಡಿತದ ಪ್ರೈಮರ್ ಹಚ್ಚಿದ ಮೇಲೆ ಯಾವುದೂ ಏಳಲಿಲ್ಲ. ಬ್ರ್ಯಾಂಡಿನ ಚರ್ಚೆಗೆ ಇಲ್ಲಿ ಜಾಗವೇ ಇರಲಿಲ್ಲ.

ಮಾರುವವರನ್ನು ತೂಗುವುದು

ಟ ಬಣ್ಣಕ್ಕೆ ಎರಡು ಮಳಿಗೆಗಳು ದರ ಕೊಟ್ಟವು. ಚ ಬಣ್ಣಕ್ಕೆ ಒಂದೇ ಚಿಕ್ಕ ವಿತರಕ. ದೊಡ್ಡ ಮಳಿಗೆಯ ದರ ಕಡಿಮೆ, ಸಾಲದ ಅವಧಿಯೂ ಉದ್ದ. ನಾವು ಕೇಳಿದ ಪ್ರಶ್ನೆಗಳು ದರಕ್ಕೆ ಸಂಬಂಧಿಸಿದ್ದಲ್ಲ. ಇಡೀ ಕೆಲಸಕ್ಕೆ ಒಂದೇ ಬ್ಯಾಚಿನ ಬೇಸ್ (ಛಾಯೆ ಬೆರೆಸುವ ಮೊದಲಿನ ಬಣ್ಣ) ತೆಗೆದಿಡುತ್ತೀರಾ? ಕೊನೆಯ ವಾರದಲ್ಲಿ ನಾಲ್ಕು ಡಬ್ಬ ಕಡಿಮೆ ಬಿದ್ದರೆ ಎಷ್ಟು ಹೊತ್ತಿಗೆ ತಲುಪಿಸುತ್ತೀರಿ? ಟಿಂಟ್ ಮಾಡದ (ಬಣ್ಣಸಾರ ಬೆರೆಸಿ ಛಾಯೆ ಕೊಡದ), ಮುಚ್ಚಳ ತೆರೆಯದ ಡಬ್ಬಗಳನ್ನು ವಾಪಸ್ ಪಡೆಯುತ್ತೀರಾ? ನಮ್ಮ ಛಾಯೆಯ ಸೂತ್ರವನ್ನು ಯಂತ್ರದಲ್ಲಿ ಉಳಿಸಿಕೊಳ್ಳುತ್ತೀರಾ? ಟಿಂಟ್ ಮಾಡಿದ ಬಣ್ಣವನ್ನು ಯಾರೂ ವಾಪಸ್ ಪಡೆಯುವುದಿಲ್ಲ, ಆದ್ದರಿಂದ ಮೂರನೆಯ ಪ್ರಶ್ನೆಗೆ ಬರುವ ಉತ್ತರದ ಮೇಲೆ ನಮ್ಮ ಖರೀದಿಯ ಕ್ರಮವೇ ಬದಲಾಗುತ್ತದೆ.

ಮಾತಿಗಿಂತ ಹೆಚ್ಚು ಹೇಳಿದ್ದು ಒಂದು ಸರಳ ಪರೀಕ್ಷೆ. ಒಂದೇ ಛಾಯೆಯನ್ನು ಎರಡೂ ಮಳಿಗೆಗಳಲ್ಲಿ ಬೇರೆಬೇರೆ ದಿನ ಒಂದೊಂದು ಲೀಟರ್ ಮಾಡಿಸಿದೆವು. ಒಂದೇ ಕಾರ್ಡಿನ ಮೇಲೆ ಅಂಚಿಗೆ ಅಂಚು ತಾಗುವಂತೆ ಎಳೆದು ಒಣಗಿಸಿ ಹಗಲಿನಲ್ಲಿ ನೋಡಿದಾಗ ದೊಡ್ಡ ಮಳಿಗೆಯ ಎರಡು ಡಬ್ಬಗಳ ನಡುವೆಯೇ ಗೆರೆ ಕಂಡಿತು. ಒಂದು ತುಸು ಹಳದಿಗೆ ವಾಲಿತ್ತು. ಟಿಂಟಿಂಗ್ ಯಂತ್ರದ ನಳಿಕೆಯಲ್ಲಿ ಬಣ್ಣಸಾರ ಒಣಗಿ ಕಟ್ಟಿಕೊಂಡರೆ ಹೀಗಾಗುತ್ತದೆ. ದಿನವೂ ಶುದ್ಧಗೊಳಿಸಿ, ಆಗಾಗ ತೂಕ ಸರಿನೋಡಿದರೆ ಆಗುವುದಿಲ್ಲ. ತಿಳಿ ಛಾಯೆಯಲ್ಲಿ ಬೀಳುವ ಬಣ್ಣಸಾರದ ಪ್ರಮಾಣವೇ ಅತ್ಯಲ್ಪವಾದ್ದರಿಂದ ಒಂದು ಹನಿಯ ಏರುಪೇರೂ ಕಣ್ಣಿಗೆ ಬೀಳುತ್ತದೆ. ಡಬ್ಬದ ಮೇಲಿನ ಬ್ರ್ಯಾಂಡ್ ಎರಡೂ ಕಡೆ ಒಂದೇ. ಕಾರ್ಖಾನೆ ಕೊಟ್ಟದ್ದನ್ನು ಮಳಿಗೆ ಕೆಡಿಸಬಲ್ಲದು ಎಂಬುದನ್ನು ಬ್ರ್ಯಾಂಡ್ ಹೋಲಿಸುವವರು ಮರೆಯುತ್ತಾರೆ. ಟ ಬಣ್ಣಕ್ಕೆ ನಾವು ಎರಡನೆಯ ಮಳಿಗೆಯನ್ನು ಹಿಡಿದೆವು.

ಕಂಪನಿಗಳ ಮಾರಾಟ ಪ್ರತಿನಿಧಿಗಳೂ ಬಂದರು. ಪ್ರೈಮರಿನಿಂದ ಮೇಲಿನ ಕೋಟಿನವರೆಗೆ ತಮ್ಮದನ್ನೇ ಬಳಸದಿದ್ದರೆ ಖಾತರಿ ಇಲ್ಲ ಎಂಬುದು ಅವರ ವಾದ. ಖಾತರಿ ಪತ್ರವನ್ನು ಕೂತು ಓದಿದರೆ ಅದು ಕೊಡುವುದು ಬದಲಿ ಬಣ್ಣ ಮಾತ್ರ. ಕೆರೆದು ಮತ್ತೆ ಹಚ್ಚುವ ಕೂಲಿ ಅದರಲ್ಲಿ ಇಲ್ಲ. ಹಾಳಾದ ಗೋಡೆಯಲ್ಲಿ ದೊಡ್ಡ ಖರ್ಚು ಆ ಕೂಲಿಯೇ. ಆದರೂ ಒಂದೇ ಕಂಪನಿಯ ಪ್ರೈಮರ್ ಬಳಸುವುದಕ್ಕೆ ಬೇರೊಂದು ಒಳ್ಳೆಯ ಕಾರಣವಿದೆ: ತಕರಾರು ಬಂದಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಲಾಗುವುದಿಲ್ಲ. ಎನಾಮಲ್ ಇದ್ದ ಕೆಳಭಾಗಕ್ಕೆ ಕೊನೆಗೆ ಆರಿಸಿದ್ದು ಚ ಬಣ್ಣ; ಅದಕ್ಕಾಗಿಯೇ ಅಲ್ಲಿ ಚ ಕಂಪನಿಯ ಪ್ರೈಮರನ್ನೇ ತೆಗೆದುಕೊಂಡೆವು.

ಇನ್ನೊಂದು ವಿಷಯ ಬಿಚ್ಚಿ ಹೇಳಬೇಕು. ಕ ಕಂಪನಿ ಪೇಂಟರುಗಳಿಗೆ ಡಬ್ಬಕ್ಕಿಷ್ಟು ಎಂದು ಅಂಕಗಳನ್ನು ಕೊಡುತ್ತಿತ್ತು; ಅಂಕ ಕೂಡಿದರೆ ಬಹುಮಾನ. ನಮ್ಮ ತಂಡದ ಕೆಲವರು ಅದರ ಮೇಲೆ ಆಸೆ ಇಟ್ಟಿದ್ದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ, ದುಡಿಮೆಯ ಮೇಲೆ ಒಂದಿಷ್ಟು ಹೆಚ್ಚಿಗೆ ಸಿಗುವುದನ್ನು ಯಾರು ಬೇಡವೆನ್ನುತ್ತಾರೆ. ಆದರೆ ಹಣ ಕೊಡುವವರು ಒಬ್ಬರು, ಬಣ್ಣ ಆರಿಸುವವರು ಇನ್ನೊಬ್ಬರು, ಬಹುಮಾನ ಕೊಡುವವರು ಮತ್ತೊಬ್ಬರು ಎಂದಾಗ ಗೋಡೆಯ ಹಿತ ನೋಡುವವರು ಯಾರು? ಮಂಡಳಿಗೆ ಅಂಕಗಳ ವಿಷಯವನ್ನು ಬರಹದಲ್ಲೇ ತಿಳಿಸಿದೆವು. ತಂಡಕ್ಕೆ ಅದರ ಬದಲು, ಮರುಕೆಲಸವಿಲ್ಲದೆ ಮುಗಿದ ಪ್ರತಿ ಅಂತಸ್ತಿಗೆ ಹೆಚ್ಚುವರಿ ಕೂಲಿ ಕೊಡುವುದೆಂದಾಯಿತು. ಅದರಿಂದ ಕೆಲಸದ ಮೇಲಿನ ಗಮನ ಹೆಚ್ಚಿದ್ದನ್ನು ಕಣ್ಣಾರೆ ಕಂಡೆ.

ಆಯ್ಕೆ

ಒಂದೇ ಬ್ರ್ಯಾಂಡ್ ಗೆಲ್ಲಲಿಲ್ಲ. ಕೋಣೆಗಳಿಗೂ ಓಣಿಗಳ ಮೇಲ್ಭಾಗಕ್ಕೂ ಟ. ಓಣಿಗಳ ಕೆಳಭಾಗಕ್ಕೆ ಚ. ಅಲ್ಲಿ ಕಂಬಗಳು ಗೋಡೆಯನ್ನು ಸಣ್ಣ ಅಂಕಣಗಳಾಗಿ ತುಂಡರಿಸುತ್ತಿದ್ದವು; ಒಂದು ಅಂಕಣ ಹಿಡಿದರೆ ಅಂಚು ಒಣಗುವ ಮೊದಲೇ ಮುಗಿಸಬಹುದಿತ್ತು. ಅದರ ದೋಷಕ್ಕೆ ಅವಕಾಶವಿಲ್ಲದ, ಅದರ ಗುಣಕ್ಕೆ ಬೇಡಿಕೆಯಿರುವ ಜಾಗ ಅದೊಂದೇ.

ಕ ಬಣ್ಣಕ್ಕೂ ಜಾಗ ಸಿಕ್ಕಿತು: ಕೋಣೆಗಳ ಮತ್ತು ಓಣಿಗಳ ಚಾವಣಿ. ಚಾವಣಿಯನ್ನು ಯಾರೂ ಮುಟ್ಟುವುದಿಲ್ಲ, ಉಜ್ಜುವುದಿಲ್ಲ. ರಂಧ್ರಗಳಿರುವ ಪದರ ಒಂದಿಷ್ಟೂ ಹೊಳೆಯುವುದಿಲ್ಲವಾದ್ದರಿಂದ ಚಾವಣಿಯ ಜೋಡಣೆಗಳೂ ತೇಪೆಗಳೂ ಅದರಲ್ಲಿ ಅಡಗುತ್ತವೆ. ದುಬಾರಿ ಬಣ್ಣ ಅಲ್ಲಿ ನಿಜಕ್ಕೂ ಕೆಟ್ಟದಾಗಿ ಕಾಣುತ್ತದೆ. ಸ್ನಾನದ ಕೋಣೆ ಮತ್ತು ಅಡುಗೆಮನೆಯ ಚಾವಣಿಗೆ ಮಾತ್ರ ಕ ಬೇಡವೆಂದೆವು. ಹಬೆಗೆ ನೆನೆದು ಒದ್ದೆ ಸ್ಪಂಜಿನ ಕತೆಯೇ ದಿನವೂ ನಡೆಯುತ್ತದೆ.

ಊಟದ ಮನೆಯ ಒಂದು ಗೋಡೆಗೆ ಶಾಲೆಯ ಲಾಂಛನದ ಗಾಢ ಕೆಂಪು ಬೇಕಿತ್ತು. ಇಲ್ಲಿ ಚ ಮತ್ತು ಟ ಎರಡೂ ಎರಡು ಕೋಟಿನಲ್ಲಿ ಸೋತವು. ಗಾಢ ಬಣ್ಣಕ್ಕೆ ಬಳಸುವ ಬೇಸಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಹೆಚ್ಚುಕಡಿಮೆ ಇರುವುದೇ ಇಲ್ಲ, ಇದ್ದರೆ ಕೆಂಪು ಗುಲಾಬಿಯಾಗುತ್ತದೆ. ಉಜ್ವಲ ಕೆಂಪಿಗೆ ಬೇಕಾದ ಸಾವಯವ ವರ್ಣದ್ರವ್ಯಗಳು ಹೊಳೆಯುತ್ತವೆ, ಮುಚ್ಚುವುದಿಲ್ಲ. ಬಣ್ಣಸಾರವನ್ನು ಇನ್ನಷ್ಟು ಸುರಿಯುವುದು ಪರಿಹಾರವಲ್ಲ. ಪದರ ಮೆತ್ತಗಾಗಿ ಒಣಗಲು ತಡವಾಗುತ್ತದೆ. ಅಡಿಗೆ ಬಿಳಿಯ ಬದಲು ಬೂದು ಛಾಯೆಯ ಪ್ರೈಮರ್ ಹಚ್ಚಿದೆವು, ಟ ಬಣ್ಣದ ಎರಡು ಕೋಟಿನಲ್ಲಿ ಗೋಡೆ ತುಂಬಿ ಬಂತು.

ಕೆಲಸ ನಡೆದಾಗ ಮತ್ತು ಆಮೇಲೆ

ಟ ಸಲೀಸಾಗಿ ಸಾಗಿತು. ಚ ಬಣ್ಣದ ವಿತರಕ ಒಪ್ಪಿದ ಬ್ಯಾಚಿನಲ್ಲಿ ಕೆಲವು ಡಬ್ಬ ಕಡಿಮೆ ಬಿದ್ದು, ಬೇರೆ ಬ್ಯಾಚಿನವು ಬಂದವು. ಛಾಯೆ ಒಂದೇ, ಹೊಳಪು ಕೂದಲೆಳೆಯಷ್ಟು ಭಿನ್ನ. ಉಳಿದಿದ್ದ ಡಬ್ಬಗಳನ್ನೆಲ್ಲ ದೊಡ್ಡ ಪೀಪಾಯಿಗೆ ಸುರಿದು ಒಂದಾಗಿ ಕಲಸಿ, ಮೂಲೆಯಿಂದ ಮೂಲೆಗೆ ಮಾತ್ರ ಹಚ್ಚಿ ನಿಭಾಯಿಸಿದೆವು. ಗಡುವಿನೊಳಗೆ ಕೆಲಸ ಮುಗಿಯಿತು. ತೆರೆಯದ ಬಿಳಿ ಬೇಸಿನ ಡಬ್ಬಗಳನ್ನು ಎರಡನೆಯ ಮಳಿಗೆ ಮಾತಿಗೆ ತಪ್ಪದೆ ವಾಪಸ್ ಪಡೆಯಿತು.

ವರ್ಷದ ನಂತರ ಮಂಡಳಿ ಪಕ್ಕದ ಕಟ್ಟಡಕ್ಕೆ ದರ ಕೇಳಲು ಕರೆದಾಗ ಹಳೆಯ ಕಟ್ಟಡವನ್ನು ಸುತ್ತಿ ನೋಡಿದೆವು. ಓಣಿಗಳ ಕೆಳಭಾಗ ಒರೆಸಿ ಒರೆಸಿಯೂ ಹೊಸದರಂತಿತ್ತು. ಕೋಣೆಗಳಲ್ಲಿ ಕಾವಲುಗಾರರು ತಿದ್ದಿದ ಜಾಗಗಳು ಗುರುತು ಸಿಗಲಿಲ್ಲ. ಸ್ನಾನದ ಕೋಣೆಯ ಬಾಗಿಲ ಎದುರಿನ ಓಣಿಯ ಚಾವಣಿಯಲ್ಲಿ ಮಾತ್ರ ಹಬೆಯ ಕಲೆ ಮೂಡಿತ್ತು. ಬಾಗಿಲು ಸದಾ ತೆರೆದಿರುತ್ತದೆ. ಪಕ್ಕದ ಕಟ್ಟಡದ ದರಪಟ್ಟಿಯಲ್ಲಿ ಸ್ನಾನದ ಕೋಣೆಯ ಆಚೀಚೆಯ ಚಾವಣಿಯನ್ನು ಟ ಬಣ್ಣಕ್ಕೆ ಸೇರಿಸಿದೆವು. ಮಂಡಳಿಯ ಹೊಸ ಪತ್ರದಲ್ಲಿ ಕಂಪನಿಯ ಹೆಸರಿನ ಸಾಲು ಇರಲಿಲ್ಲ. ಒಣ ಪದರದ ದಪ್ಪ, ಗಾತ್ರದ ಲೆಕ್ಕದ ಘನಾಂಶ, ಉಜ್ಜುವಿಕೆಯ ದರ್ಜೆ ಮತ್ತು ಒಂದೇ ಬ್ಯಾಚಿನ ಪೂರೈಕೆ ಎಂಬ ನಾಲ್ಕು ಷರತ್ತುಗಳಿದ್ದವು.